ಹೀಲಿಯಂ ಹಗುರ ಅಂತ ಕಣ ಹೊರೋದಿಲ್ವಾ? ಲೇಸರ್ ಅಬ್ಲೇಶನ್‌ನಲ್ಲಿ ಆರ್ಗಾನ್–ಹೀಲಿಯಂ ಗೊಂದಲ

ಹರಳುಹುಡುಕಿ
ನಮಸ್ಕಾರ ಎಲ್ಲರಿಗೂ. ಜಿರ್ಕಾನ್ ಹರಳಿನಲ್ಲಿ ಯುರೇನಿಯಂ–ಸೀಸ ಅಳೆದು ವಯಸ್ಸು ಹೇಳೋ ಕೆಲಸ ನಂದು. 213 ನ್ಯಾನೋಮೀಟರ್ ಲೇಸರ್ ಹರಳಲ್ಲಿ ಪುಟ್ಟ ಕುಳಿ ಕೊರೆಯತ್ತೆ (ಅದೇ ಅಬ್ಲೇಶನ್), ಎದ್ದ ಕಣಗಳನ್ನ ಗ್ಯಾಸ್ ಟ್ಯೂಬಿನಲ್ಲಿ ಹೊತ್ತು ಹಿಂದಿರೋ ಐಸಿಪಿ-ಎಂಎಸ್‌ಗೆ ಒಯ್ಯತ್ತೆ, ಅಂದ್ರೆ ಕಣಗಳನ್ನ ಬಿಸಿ ಪ್ಲಾಸ್ಮಾದಲ್ಲಿ ಅಯಾನು ಮಾಡಿ ಧಾತು ಅಳೆಯೋ ಯಂತ್ರಕ್ಕೆ. ಎರಡು ತಿಂಗಳ ಹಿಂದೆ ಹೀಲಿಯಂ ಸಿಲಿಂಡರ್ ಖಾಲಿಯಾಯ್ತು. ಹೊಸದು ಬರೋವರೆಗೆ ಸೆಲ್‌ಗೂ (ಹರಳು ಇಟ್ಟು ಕೊರೆಯೋ ಪೆಟ್ಟಿಗೆ) ಆರ್ಗಾನ್‌ನೇ ಬಿಟ್ಟು ಓಡಿಸಿದ್ವಿ. ಕುಳಿಯ ಸುತ್ತ ಬೂದು ಪುಡಿಯ ಉಂಗುರ ಕೂರೋಕೆ ಶುರುವಾಯ್ತು, ಸಿಗ್ನಲ್‌ನಲ್ಲಿ ಮುಳ್ಳು ಮುಳ್ಳಾಗಿ ಸ್ಪೈಕ್, ಕುಳಿ ಆಳವಾದಂತೆ ಸೀಸ–ಯುರೇನಿಯಂ ಅನುಪಾತ ಏರ್ತಾನೇ ಹೋಗ್ತಿತ್ತು.

ಹೀಲಿಯಂ ಬಂದ ಮೇಲೆ ಸರಿಹೋಗತ್ತೆ ಅಂದ್ಕೊಂಡಿದ್ದೆ. ಉಂಗುರವೇನೋ ಹೆಚ್ಚುಕಮ್ಮಿ ಮಾಯ. ಆದ್ರೆ ಸಿಗ್ನಲ್ ಆರ್ಗಾನ್‌ಗಿಂತ ಕಮ್ಮಿ! ಪ್ಲಾಸ್ಮಾನೂ ನಡುಗ್ತಿದೆ. ನಮ್ಮ ಲ್ಯಾಬಿನ ಹಿರಿಯರು ಹೇಳೋದು: "ಹೀಲಿಯಂ ಹಗುರ ಕಣಮ್ಮ, ಅದಕ್ಕೆ ಕಣ ಹೊರೋ ತಾಕತ್ತಿಲ್ಲ. ಟ್ಯೂಬಲ್ಲೇ ಬಿದ್ದುಹೋಗತ್ತೆ. ಆರ್ಗಾನ್‌ಗೇ ವಾಪಸ್ ಹೋಗು."

ಇದು ನಿಜಾನಾ? ಹಾಗಿದ್ರೆ ಜಗತ್ತೆಲ್ಲ ಯಾಕೆ ಹೀಲಿಯಂ ಬಳಸ್ತಿದೆ?

ಮೌನಿ
ನಿಜ ಅಲ್ಲ.

ಹಳೇಲೇಸರ್
ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ನಾವು ವರ್ಷಗಟ್ಟಲೆ ಆರ್ಗಾನ್‌ನಲ್ಲೇ ಕೆಲಸ ಮಾಡಿದ್ದೀವಿ. 1985ರಲ್ಲಿ ಗ್ರೇ ಅವರು ಮೊದಲ ಸಲ ರೂಬಿ ಲೇಸರ್‌ನ ಐಸಿಪಿ-ಎಂಎಸ್‌ಗೆ ಜೋಡಿಸಿದ ಕಾಲದಿಂದ ಸುಮಾರು ಹದಿಮೂರು ವರ್ಷ ಎಲ್ಲರ ಕೈಲೂ ಇದ್ದದ್ದು ಆರ್ಗಾನೇ. ಆ ಫಲಿತಾಂಶಗಳೆಲ್ಲ ಸುಳ್ಳಾ? ನಿಮ್ಮ ಹಿರಿಯರ ಕಾರಣ ತಪ್ಪಿರಬಹುದು, ಸಲಹೆ ಪೂರ್ತಿ ತಪ್ಪಲ್ಲ.

ಕುಳಿಮಾಸ್ತರ
ಸುಳ್ಳಲ್ಲ ಸರ್, ಆದರೆ ಆ ಹದಿಮೂರು ವರ್ಷ ಜನ ಯಾವುದರ ಜೊತೆ ಗುದ್ದಾಡಿದ್ರು ಅಂತಲೂ ನೆನಪಿಸಿಕೊಳ್ಳಿ. ಸ್ಪೈಕ್, ಪುಡಿ, ಅನುಪಾತ ಜಾರೋದು. ಹರಳುಹುಡುಕಿ ಅವರು ಬರೆದ ಮೂರೂ ದೂರು ಅದೇ. 1998ರಲ್ಲಿ ಎಗಿನ್ಸ್ ಮತ್ತು ಸಂಗಡಿಗರು 193 ನ್ಯಾನೋಮೀಟರ್ ಲೇಸರ್‌ನಲ್ಲಿ ಹೀಲಿಯಂ ಬಿಟ್ಟು ನೋಡಿದಾಗ ಕುಳಿ ಸುತ್ತಲ ಪುಡಿ ಗಣನೀಯವಾಗಿ ಇಳಿದದ್ದು ಕಂಡಿತು. ಮರುವರ್ಷ ಗುಂಟರ್ ಮತ್ತು ಹೈನ್ರಿಚ್ ಹೀಲಿಯಂ–ಆರ್ಗಾನ್ ಬೆರಕೆಯಿಂದ ಸಿಗ್ನಲ್ ಏರತ್ತೆ ಅಂತ ತೋರಿಸಿದ್ರು. ಆಮೇಲೆ ಎಲ್ಲ ಆ ಕಡೆ ವಾಲಿದ್ದು.

ಹರಳುಹುಡುಕಿ ಅವರೇ, ನಿಮ್ಮಲ್ಲಿ ಉಂಗುರ ಮಾಯವಾಗಿದೆ ಅಂದ್ರೆ ಹೀಲಿಯಂ ತನ್ನ ಕೆಲಸ ಮಾಡ್ತಿದೆ. ಸಿಗ್ನಲ್ ಎಲ್ಲೋ ಮುಂದೆ ಕಳೆದುಹೋಗ್ತಿದೆ. ಎರಡನ್ನೂ ಬೇರೆ ಬೇರೆ ಇಟ್ಟು ಹುಡುಕಿ.

ಗಾಳಿಗಣಿತ
"ಹಗುರ ಗ್ಯಾಸ್ ಕಣ ಹೊರಲ್ಲ" ಅನ್ನೋ ಮಾತು ನಾನು ಕಾಲೇಜಿನಿಂದ ಕೇಳ್ತಾ ಬಂದಿದ್ದೀನಿ. ಇದನ್ನ ಒಂದ್ಸಲ ಬಿಡಿಸಿ ಹೇಳ್ತೀನಿ.

ಕಣ ಗ್ಯಾಸಿನಲ್ಲಿ ದೋಣಿ ಥರ ತೇಲ್ತಿಲ್ಲ. ಗ್ಯಾಸ್ ಅದನ್ನ ಉಜ್ಜಿಕೊಂಡು ಎಳೆದೊಯ್ಯತ್ತೆ. ಎಳೆಯೋ ಬಲ ಬರೋದು ಸ್ನಿಗ್ಧತೆಯಿಂದ, ಸಾಂದ್ರತೆಯಿಂದ ಅಲ್ಲ. ಕೋಣೆಯ ತಾಪದಲ್ಲಿ ಆರ್ಗಾನ್‌ನ ಸ್ನಿಗ್ಧತೆ ಸುಮಾರು 22 ಮೈಕ್ರೋಪಾಸ್ಕಲ್ ಸೆಕೆಂಡ್, ಹೀಲಿಯಂನದು ಸುಮಾರು 20. ಸಾಂದ್ರತೆಯಲ್ಲಿ ಹತ್ತು ಪಟ್ಟು ವ್ಯತ್ಯಾಸ ಇದ್ರೂ ಸ್ನಿಗ್ಧತೆಯಲ್ಲಿ ಹತ್ತಕ್ಕೊಂದು ಪಾಲಿನಷ್ಟು ವ್ಯತ್ಯಾಸ. ಆದ್ದರಿಂದ ಮೈಕ್ರೋಮೀಟರ್ ಗಾತ್ರದ ಕಣಕ್ಕೆ ಎರಡೂ ಗ್ಯಾಸ್ ಹೆಚ್ಚುಕಮ್ಮಿ ಒಂದೇ.

ಚಿಕ್ಕ ಕಣಕ್ಕೆ ಬಂದಾಗ ಮಾತ್ರ ಬೇರೆ ಕಥೆ. ಹೀಲಿಯಂ ಪರಮಾಣು ಒಂದಕ್ಕೊಂದು ಡಿಕ್ಕಿಯಾಗದೆ ಓಡೋ ಸರಾಸರಿ ದೂರ ಸುಮಾರು 190 ನ್ಯಾನೋಮೀಟರ್, ಆರ್ಗಾನ್‌ನಲ್ಲಿ ಸುಮಾರು 70. 50 ನ್ಯಾನೋಮೀಟರ್ ಕಣಕ್ಕೆ ಹೀಲಿಯಂ ಒಂದು ದ್ರವದ ಥರ ಕಾಣೋದೇ ಇಲ್ಲ, ಅಲ್ಲೊಂದು ಇಲ್ಲೊಂದು ಬಂದು ಬಡಿಯೋ ಗೋಲಿಗಳ ಥರ ಕಾಣತ್ತೆ. ಅಂಥ ಕಣ ಗ್ಯಾಸಿನ ಹಿಡಿತದಿಂದ ಸ್ವಲ್ಪ ಜಾರತ್ತೆ, ಅತ್ತಿತ್ತ ಹೆಚ್ಚು ಅಲೆದಾಡತ್ತೆ.

ಹಳೇಲೇಸರ್
ಅಲೆದಾಡಿದ್ರೆ ಟ್ಯೂಬಿನ ಗೋಡೆಗೆ ಅಂಟಿಕೊಳ್ಳತ್ತೆ ತಾನೇ? ಹಾಗಾದ್ರೆ ಹಿರಿಯರು ಹೇಳಿದ್ದೇ ಸರಿ ಆಯ್ತಲ್ಲ, ಕಾರಣ ಬೇರೆ ಅಷ್ಟೇ.

ಗಾಳಿಗಣಿತ
ಲೆಕ್ಕ ಹಾಕೋಣ ಸರ್. 4 ಮಿಲಿಮೀಟರ್ ಒಳವ್ಯಾಸದ ಟ್ಯೂಬು, 2 ಮೀಟರ್ ಉದ್ದ, ನಿಮಿಷಕ್ಕೆ 1 ಲೀಟರ್ ಗ್ಯಾಸ್. ವೇಗ ಸೆಕೆಂಡಿಗೆ ಸುಮಾರು 1.3 ಮೀಟರ್, ದಾರಿ ಕ್ರಮಿಸೋಕೆ ಒಂದೂವರೆ ಸೆಕೆಂಡ್. ರೆನಾಲ್ಡ್ಸ್ ಸಂಖ್ಯೆ (ಹರಿವು ನಯವೋ ಸುಳಿಯೋ ಅಂತ ಹೇಳೋ ಅಂಕಿ) ಆರ್ಗಾನ್‌ಗೆ 400ರ ಆಸುಪಾಸು, ಹೀಲಿಯಂಗೆ 45ರ ಆಸುಪಾಸು. ಎರಡೂ ಕಡೆ ಹರಿವು ನಯ, ಸುಳಿಯಿಲ್ಲ.

10 ನ್ಯಾನೋಮೀಟರ್ ಕಣ: ಆರ್ಗಾನ್‌ನಲ್ಲಿ ಸುಮಾರು ಶೇ 16 ಗೋಡೆಗೆ ಹೋಗತ್ತೆ, ಹೀಲಿಯಂನಲ್ಲಿ ಸುಮಾರು ಶೇ 33.
100 ನ್ಯಾನೋಮೀಟರ್ ಕಣ: ಆರ್ಗಾನ್‌ನಲ್ಲಿ ಶೇ 1, ಹೀಲಿಯಂನಲ್ಲಿ ಶೇ 2 ದಾಟದು.

10ರ ಸಾಲು ನೋಡಿ ಗಾಬರಿಯಾಗಬೇಡಿ. 100 ನ್ಯಾನೋಮೀಟರ್‌ನ ಒಂದೇ ಕಣದ ತೂಕಕ್ಕೆ 10 ನ್ಯಾನೋಮೀಟರ್‌ನವು ಸಾವಿರ ಬೇಕು. ನಿಮಗೆ ಸಿಗ್ನಲ್ ಕೊಡೋದು ತೂಕ, ತಲೆಎಣಿಕೆ ಅಲ್ಲ. ಮೇಲಾಗಿ ಅಷ್ಟು ಚಿಕ್ಕವು ಟ್ಯೂಬು ಸೇರೋ ಮೊದಲೇ ಒಂದಕ್ಕೊಂದು ಅಂಟಿ ದೊಡ್ಡದಾಗಿರತ್ವೆ.

ಬಲೆಗಾರ
ದೊಡ್ಡ ಕಣದ ಲೆಕ್ಕವನ್ನೂ ಹಾಕಿ ಮಾರಾಯ್ರೆ. ನಮ್ಮಲ್ಲಿ ಟ್ಯೂಬು ಬಿಚ್ಚಿದಾಗ ಅಡಿಭಾಗದಲ್ಲಿ ಗೆರೆ ಎಳೆದ ಹಾಗೆ ಪುಡಿ ಉಂಟು. ಅದು ಅಲೆದಾಡಿ ಅಂಟಿದ್ದಾದರೆ ಸುತ್ತಲೂ ಇರಬೇಕಿತ್ತಲ್ಲ.

ಗಾಳಿಗಣಿತ
ಸರಿಯಾಗಿ ಗಮನಿಸಿದ್ದೀರಿ. ಅಡಿಗೆ ಕೂತದ್ದು ಗುರುತ್ವದ ಕೆಲಸ. ಜಿರ್ಕಾನ್ ಸಾಂದ್ರತೆ ನೀರಿನ 4.6 ಪಟ್ಟು. 1 ಮೈಕ್ರೋಮೀಟರ್ ಚೂರು ಒಂದೂವರೆ ಸೆಕೆಂಡಲ್ಲಿ ಕಾಲು ಮಿಲಿಮೀಟರ್ ಇಳಿಯತ್ತೆ, ಬಹುಪಾಲು ಪಾರಾಗತ್ತೆ. 3 ಮೈಕ್ರೋಮೀಟರ್ ಚೂರು 2 ಮಿಲಿಮೀಟರ್ ಇಳಿಯತ್ತೆ, ಅಂದ್ರೆ ಟ್ಯೂಬಿನ ಅರ್ಧ. ಅದರಲ್ಲಿ ಹೆಚ್ಚಿನವು ಅಡಿಗೆ ಸೇರಿದ ಹಾಗೇ. ಇದು ಎರಡೂ ಗ್ಯಾಸಿನಲ್ಲಿ ಹೆಚ್ಚುಕಮ್ಮಿ ಒಂದೇ ಥರ. ನಿಮಗೆ ಆ ಗೆರೆ ಕಾಣ್ತಿದೆ ಅಂದ್ರೆ ನಿಮ್ಮ ಲೇಸರ್ ದೊಡ್ಡ ಚೂರು ಎಬ್ಬಿಸ್ತಿದೆ ಅಂತ.

ಬಲೆಗಾರ
ಓ. ಹಾಗಾದರೆ ಅದು ಬಿದ್ದದ್ದೇ ಒಳ್ಳೆಯದಾಯ್ತು. ಪ್ಲಾಸ್ಮಾ ಉರಿಯೋ ಟಾರ್ಚಿಗೆ ಹೋಗಿದ್ದರೆ ಸ್ಪೈಕ್ ಆಗ್ತಿತ್ತು.

ನೀಲಿಟಾರ್ಚ್
ಹೌದು, ಅದು ಮುಖ್ಯ. ಪ್ಲಾಸ್ಮಾ ಎಷ್ಟೇ ಬಿಸಿ ಇರಲಿ, ಕಣ ಅದರೊಳಗೆ ಇರೋದು ಕೆಲವೇ ಮಿಲಿಸೆಕೆಂಡು. ಅಷ್ಟರಲ್ಲಿ ಪೂರ್ತಿ ಆವಿಯಾಗಬೇಕು. ಗಾಜಿನ ಕಣಗಳ ಮೇಲಿನ ಪ್ರಯೋಗಗಳಲ್ಲಿ ನೂರೈವತ್ತು ನ್ಯಾನೋಮೀಟರ್ ಆಸುಪಾಸು ದಾಟಿದ ಕಣಗಳು ತೊಂದರೆ ಕೊಡೋಕೆ ಶುರು ಮಾಡ್ತವೆ. ಬೇಗ ಆವಿಯಾಗೋ ಧಾತು ಮೊದಲು ಹೊರಬರತ್ತೆ, ಹಟಮಾರಿ ಧಾತು ಕಣದೊಳಗೇ ಉಳಿಯತ್ತೆ. ಅನುಪಾತ ಜಾರೋದು ಅಲ್ಲೇ.

ಪರೀಕ್ಷೆ ಸುಲಭ. ನಿಸ್ಟ್ 612 ಅನ್ನೋ, ಧಾತುಗಳ ಪ್ರಮಾಣ ಮೊದಲೇ ಗೊತ್ತಿರೋ ಸ್ಟ್ಯಾಂಡರ್ಡ್ ಗಾಜಿನಲ್ಲಿ ಯುರೇನಿಯಂ, ಥೋರಿಯಂ ಎರಡೂ ಹತ್ತಿರ ಹತ್ತಿರ ಸಮ, ಕಿಲೋಗೆ 37 ಚಿಲ್ಲರೆ ಮಿಲಿಗ್ರಾಂ. ಯುರೇನಿಯಂ–ಥೋರಿಯಂ ಸಿಗ್ನಲ್ ಅನುಪಾತ 1ರ ಹತ್ತಿರ ನಿಂತ್ರೆ ಕಣಗಳು ಪೂರ್ತಿ ಕರಗ್ತಿವೆ ಅಂತ. ಏರಿ ಕೂತ್ರೆ ಥೋರಿಯಂ ಹಿಂದುಳೀತಿದೆ. ಹರಳುಹುಡುಕಿ ಮೇಡಂ, ನಿಮ್ಮದು ಎಷ್ಟಿತ್ತು?

ಹರಳುಹುಡುಕಿ
ಆರ್ಗಾನ್‌ನಲ್ಲಿ 1.3 ದಾಟಿತ್ತು. ಹೀಲಿಯಂನಲ್ಲಿ ನೋಡಿದ್ರೆ ದಿನಕ್ಕೊಂದು. ಪ್ಲಾಸ್ಮಾ ನಡುಗೋದ್ರಿಂದ ನಂಬೋಕಾಗ್ತಿಲ್ಲ.

ತಾಮ್ರತಗಡು
ನಾವು ಹಿತ್ತಾಳಿ ಮ್ಯಾಲೆ ಕೆಲಸ ಮಾಡವರು. ಇದರಾಗ ಹಿತ್ತಾಳಿಯಷ್ಟು ಚೆಂದ ಪಾಠ ಹೇಳೋ ಲೋಹ ಇನ್ನೊಂದಿಲ್ರಿ. ಸತು ಕುದಿಯೋದು 907 ಡಿಗ್ರಿಗೆ, ತಾಮ್ರ 2562ಕ್ಕ. ನ್ಯಾನೋಸೆಕೆಂಡ್ ಲೇಸರ್ ಬಡದಾಗ ಸತು ಮೊದಲ ಹಾರಿ ಆವಿ ಆಗಿ ಸಣ್ಣ ಕಣದಾಗ ಕೂಡತೈತಿ. ತಾಮ್ರ ಕರಗಿದ ಹನಿಯಾಗಿ ಚಿಮ್ಮತೈತಿ. ಕಣ ಎಲ್ಲಾ ಫಿಲ್ಟರಿನಾಗ ಹಿಡದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಾಗ ನೋಡಿದ್ವಿ. ಆರ್ಗಾನಿನಾಗ ಸಣ್ಣ ಸಣ್ಣ ಮಣಿ ಪೋಣಿಸಿದಂಗ ಉದ್ದುದ್ದ ಸರ, ಸರಕ್ಕ ಸರ ತೊಡರಿ ಗಂಟು. ಹೀಲಿಯಂನಾಗ ಅದೇ ಮಣಿ, ಆದ್ರ ಗಂಟು ಸಣ್ಣವು, ಬಿಡಿಬಿಡಿ.

ಆದ್ರ ಒಂದು ಮಾತು. ಆ ದುಂಡಗಿನ ದೊಡ್ಡ ಹನಿ ಅದಾವಲ್ಲ, ಅವು ಎರಡರಾಗೂ ಇದ್ದುವು. ಗ್ಯಾಸ್ ಬದಲಿಸಿದ್ರ ಹನಿ ಹೋಗೂದಿಲ್ಲ. ಅದು ಲೇಸರಿನ ತಪ್ಪು, ಗ್ಯಾಸಿಂದಲ್ಲ.

ಕುಳಿಮಾಸ್ತರ
ಇದನ್ನ ಎಲ್ಲರೂ ಗಮನಿಸಬೇಕು. ಕಣ ಹುಟ್ಟೋದು ಎರಡು ದಾರಿಯಲ್ಲಿ. ಆವಿ ತಣಿದು ಹುಟ್ಟೋದು ಒಂದು, ಹನಿ ಅಥವಾ ಚೂರಾಗಿ ಸಿಡಿಯೋದು ಇನ್ನೊಂದು. ಗ್ಯಾಸಿನ ಮಾತು ನಡೆಯೋದು ಮೊದಲನೇ ದಾರಿಯಲ್ಲಿ ಮಾತ್ರ.

ಫೆಮ್ಟೋಪ್ರಿಯ
ತೀರಾ ಚುಟುಕು ಪಲ್ಸಿನ ಫೆಮ್ಟೋಸೆಕೆಂಡ್ ಲೇಸರ್ ತಗೊಳ್ಳಿ, ಗ್ಯಾಸಿನ ಜಗಳವೇ ಮುಗೀತು.

ತಾಮ್ರತಗಡು
ಮುಗಿಯೂದಿಲ್ರಿ. ಫೆಮ್ಟೋದಾಗ ಎಲೆಕ್ಟ್ರಾನಿನ ಬಿಸಿ ಪರಮಾಣುಗಳಿಗೆ ಇಳಿಯಾಕ ಪಿಕೋಸೆಕೆಂಡುಗಳು ಬೇಕು, ಅಷ್ಟರಾಗ ಪಲ್ಸ್ ಮುಗದಿರತೈತಿ. ಅದಕ್ಕ ಕರಗೂದು ಕಡಿಮಿ, ಹನಿ ಕಡಿಮಿ. ಖರೆ. ಆದ್ರ ಮ್ಯಾಲೆ ಎದ್ದ ಆವಿ ಎಲ್ಲಿ ತಣೀಬೇಕು? ಅದೇ ಗ್ಯಾಸಿನಾಗ. ಆರ್ಗಾನಿನಾಗ ಫೆಮ್ಟೋ ಹೊಡದ್ರೂ ಗಂಟು ಆಗತಾವ.

ಫೆಮ್ಟೋಪ್ರಿಯ
ಒಪ್ಪಿದೆ. "ಜಗಳ ಕಮ್ಮಿಯಾಗತ್ತೆ" ಅಂತ ತಿದ್ದಿಕೊಳ್ತೀನಿ.

ವಿದ್ಯಾರ್ಥಿ_3
ನನಗೊಂದು ಮೂಲ ಪ್ರಶ್ನೆ. ಹೀಲಿಯಂನಲ್ಲಿ ಕಣ ಸಣ್ಣದಾಗಿರೋದಕ್ಕೆ ಕಾರಣ ಅದರಲ್ಲಿ ಪರಮಾಣುಗಳು ಕಮ್ಮಿ ಇರೋದು, ಅಲ್ವಾ? ಸಾಂದ್ರತೆ ಹತ್ತನೇ ಒಂದು ಪಾಲು ಅಂದ್ರಲ್ಲ.

ಗಾಳಿಗಣಿತ
ಇಲ್ಲ. ಒಂದೇ ಒತ್ತಡ, ಒಂದೇ ತಾಪ ಇದ್ರೆ ಒಂದು ಲೀಟರಿನಲ್ಲಿ ಎರಡರಲ್ಲೂ ಅಷ್ಟೇ ಪರಮಾಣು. ಅವೊಗಾಡ್ರೊ ನಿಯಮ. ಹೀಲಿಯಂನ ಪ್ರತಿ ಪರಮಾಣು ಹಗುರ (4), ಆರ್ಗಾನ್‌ನದು ಭಾರ (40). ಎಣಿಕೆಯಲ್ಲಿ ವ್ಯತ್ಯಾಸ ಇಲ್ಲ, ತೂಕದಲ್ಲಿದೆ. ಹಗುರ ಇರೋದ್ರಿಂದ ಓಡೋ ವೇಗ ಮೂರು ಪಟ್ಟು ಜಾಸ್ತಿ. ಅದರ ಪರಿಣಾಮವೇ ಉಳಿದದ್ದೆಲ್ಲ.

ಕುಳಿಮಾಸ್ತರ
ಅದನ್ನ ಕುಳಿಯ ಬಾಯಿಂದ ನೋಡೋಣ, ಅಲ್ಲೇ ಎಲ್ಲ ತೀರ್ಮಾನ ಆಗೋದು.

ಲೇಸರ್ ಬಿದ್ದ ಕೂಡಲೇ ಸಾವಿರಾರು ಡಿಗ್ರಿಯ ಆವಿ ಮೇಲೆ ನುಗ್ಗತ್ತೆ. ಮೇಲಿರೋ ಗ್ಯಾಸ್‌ನ ಅದು ತಳ್ಳಬೇಕು. ಆರ್ಗಾನ್ ಭಾರ, ಬೇಗ ಜಾಗ ಬಿಡಲ್ಲ. ಆವಿ ಕುಳಿಯ ಮೇಲೆ ಗುಮ್ಮಟದ ಥರ ಒತ್ತಿಕೊಂಡು ನಿಲ್ಲತ್ತೆ. ಹೀಲಿಯಂ ಹಗುರ, ದಾರಿ ಬಿಡತ್ತೆ. ಆಘಾತ ತರಂಗದ ಸೂತ್ರದಲ್ಲಿ ದೂರ ಅನ್ನೋದು ಸಾಂದ್ರತೆಯ ಐದನೇ ಮೂಲಕ್ಕೆ ವಿಲೋಮ. ಹತ್ತು ಪಟ್ಟು ಹಗುರ ಅಂದ್ರೆ ಅಷ್ಟೇ ಹೊತ್ತಿನಲ್ಲಿ ಸುಮಾರು 1.6 ಪಟ್ಟು ದೂರ. ಕೇಳೋಕೆ ದೊಡ್ಡ ಸಂಖ್ಯೆ ಅಲ್ಲ, ಗುಮ್ಮಟದ ಗಾತ್ರಕ್ಕೆ ಬಂದ್ರೆ ನಾಲ್ಕು ಪಟ್ಟು.

ಇನ್ನು ಬಿಸಿ. ಹೀಲಿಯಂನ ಶಾಖವಾಹಕತೆ 0.15, ಆರ್ಗಾನ್‌ನದು 0.018 (ಮೀಟರಿಗೆ, ಕೆಲ್ವಿನ್‌ಗೆ ಇಷ್ಟು ವಾಟ್). ಎಂಟು ಪಟ್ಟಿಗೂ ಹೆಚ್ಚು. ಹೀಲಿಯಂ ಆವಿಯ ಬಿಸಿಯನ್ನ ಬೇಗ ಹೀರಿ ಹರಡಿಬಿಡತ್ತೆ. ಆವಿ ತಟ್ಟನೆ ತಣಿದು ಲೆಕ್ಕವಿಲ್ಲದಷ್ಟು ಪುಟಾಣಿ ಬೀಜಗಳಾಗತ್ತೆ, ಬೀಜಗಳು ದೂರ ದೂರ ಚದುರಿರತ್ತೆ, ಅಂಟಿಕೊಳ್ಳೋ ಮೊದಲೇ ಹರಿವಿಗೆ ಸಿಗತ್ತೆ. ಆರ್ಗಾನ್‌ನಲ್ಲಿ ಗುಮ್ಮಟ ದಟ್ಟ, ಬಿಸಿ ಹೆಚ್ಚು ಹೊತ್ತು ಇರತ್ತೆ, ಒಳಗೆ ಸುಳಿ ಬೇರೆ ಸುತ್ತತ್ತೆ. ಕಣ ಬೆಳೆಯೋಕೂ ಅಂಟೋಕೂ ಬೇಕಾದಷ್ಟು ಪುರುಸೊತ್ತು. ಸ್ವಲ್ಪ ಪಾಲು ಸುಳಿಯ ಜೊತೆ ಕೆಳಗೆ ತಿರುಗಿ ಹರಳಿನ ಮೇಲೇ ಕೂರತ್ತೆ. ನಿಮ್ಮ ಬೂದು ಉಂಗುರ ಅದೇ.

ಆಮೇಲೆ ಅಯಾನೀಕರಣ. ಆರ್ಗಾನ್‌ನಿಂದ ಎಲೆಕ್ಟ್ರಾನ್ ಕೀಳೋಕೆ 15.76 ಎಲೆಕ್ಟ್ರಾನ್ ವೋಲ್ಟ್ ಸಾಕು, ಹೀಲಿಯಂಗೆ 24.59 ಬೇಕು. ಆರ್ಗಾನ್‌ನಲ್ಲಿ ಕುಳಿಯ ಮೇಲೆ ಪ್ಲಾಸ್ಮಾ ಬೇಗ ದಟ್ಟವಾಗಿ, ಪಲ್ಸಿನ ಬಾಲದ ಭಾಗ ಹರಳಿಗೆ ತಲುಪದ ಹಾಗೆ ಅಡ್ಡ ನಿಲ್ಲತ್ತೆ. ಉದ್ದ ತರಂಗದ ಲೇಸರಿನಲ್ಲಿ ಇದು ಇನ್ನೂ ಜಾಸ್ತಿ.

ವಿದ್ಯಾರ್ಥಿ_3
ಈಗ ಅರ್ಥ ಆಯ್ತು ಸರ್. ಟ್ಯೂಬಿನಲ್ಲಿ ನಡೆಯೋದು ಆಮೇಲಿನ ಮಾತು.

ಕೆಂಪುಗ್ರಹ
ಈ ಗುಮ್ಮಟದ ಮಾತು ಬಂದಿದ್ದಕ್ಕೆ ಹೇಳ್ತೀನಿ. ಲೇಸರ್ ಕಿಡಿಯ ಬೆಳಕನ್ನೇ ನೋಡೋ ನಮ್ಮಂಥವರಿಗೆ ಲೆಕ್ಕ ಉಲ್ಟಾ. ಗುಮ್ಮಟ ಬಿಸಿಯಾಗಿ, ಹೆಚ್ಚು ಹೊತ್ತು ನಿಂತ್ರೆ ಬೆಳಕು ಜಾಸ್ತಿ. ಅದಕ್ಕೇ ನಮಗೆ ಆರ್ಗಾನ್ ಇಷ್ಟ. ಮಂಗಳದ ಮೇಲೆ ಕ್ಯೂರಿಯಾಸಿಟಿ ರೋವರ್ 2012ರಿಂದ 7 ಮೀಟರ್ ದೂರದವರೆಗಿನ ಬಂಡೆಗೆ ಲೇಸರ್ ಹೊಡೆದು ಹೀಗೇ ಧಾತು ಓದ್ತಿದೆ. ಅಲ್ಲಿನ ಕಾರ್ಬನ್ ಡೈಆಕ್ಸೈಡ್ ಗಾಳಿಯ ಒತ್ತಡ ನಮ್ಮದರ ನೂರನೇ ಒಂದು ಪಾಲಿಗಿಂತ ಕಮ್ಮಿ, ಹಾಗಾಗಿ ಕಿಡಿ ದೊಡ್ಡದಾಗಿ ಅರಳತ್ತೆ.

ಬಲೆಗಾರ
ಅದರ ಶಬ್ದವನ್ನೂ ಕೇಳಿಸಿಕೊಂಡರಲ್ಲ?

ಕೆಂಪುಗ್ರಹ
ಅದು 2021ರಲ್ಲಿ ಇಳಿದ ಪರ್ಸಿವಿಯರೆನ್ಸ್. ಅದರ ಮೈಕ್ರೋಫೋನ್ ಲೇಸರ್ ಬಡಿದಾಗಿನ ಟಿಕ್ ಟಿಕ್ ಹಿಡಿದಿದೆ. ಟಿಕ್ ಅನ್ನೋದೇ ಕುಳಿಮಾಸ್ತರ ಹೇಳಿದ ಆಘಾತ ತರಂಗ. ಅದರಿಂದ ಮಂಗಳದಲ್ಲಿ ಶಬ್ದದ ವೇಗ ಅಳೆದಾಗ ಇನ್ನೊಂದು ವಿಷಯ ಗೊತ್ತಾಯ್ತು: ಏರುಶ್ರುತಿ ಶಬ್ದ ಇಳಿಶ್ರುತಿಗಿಂತ ಸೆಕೆಂಡಿಗೆ ಸುಮಾರು 10 ಮೀಟರ್ ಬೇಗ ಹೋಗತ್ತೆ.

ಧೂಳುಹಿಡಿ
ಮಂಗಳದಿಂದ ವಾಪಸ್ ಬನ್ನಿ :) ನಾನು ನ್ಯಾನೋಕಣ ಮಾಡೋ ಕಡೆಯವನು. ನಮಗೆ ಕಣ ಎಷ್ಟು ದೊಡ್ಡದಾಗಬೇಕು ಅನ್ನೋದನ್ನ ಗ್ಯಾಸು ಮತ್ತು ಒತ್ತಡ ತಿರುಗಿಸಿಯೇ ನಿರ್ಧರಿಸೋದು. ಒತ್ತಡ ಏರಿಸಿದ್ರೆ ಕಣ ದಪ್ಪ, ಹೀಲಿಯಂ ಬಿಟ್ರೆ ಸಣ್ಣ. ಆದ್ರೆ ಇಲ್ಲೊಂದು ವಿರೋಧ ಹೇಳ್ಬೇಕು. ವಾತಾವರಣದ ಒತ್ತಡದಲ್ಲಿ ಆಪ್ಟಿಕಲ್ ಕೌಂಟರ್ ಇಟ್ಟು ಎಣಿಸಿದಾಗ ಹೀಲಿಯಂನಲ್ಲಿ ಕಣಗಳ ಸಂಖ್ಯೆಯೇ ಕಮ್ಮಿ ಬಂತು. "ಲೆಕ್ಕವಿಲ್ಲದಷ್ಟು ಪುಟಾಣಿ ಬೀಜ" ಎಲ್ಲಿ ಹೋಯ್ತು?

ಗಾಳಿಗಣಿತ
ನಿಮ್ಮ ಕೌಂಟರಿನ ಕೆಳಮಿತಿ ಎಷ್ಟು?

ಧೂಳುಹಿಡಿ
100 ನ್ಯಾನೋಮೀಟರ್.

ಗಾಳಿಗಣಿತ
ಅಲ್ಲೇ ಉತ್ತರ ಇದೆ. ಬೆಳಕು ಚದುರಿಸೋದನ್ನ ನೋಡಿ ಎಣಿಸೋ ಯಂತ್ರಕ್ಕೆ ಚಿಕ್ಕ ಕಣ ಕಾಣಲ್ಲ. ಕಣ ತೀರಾ ಚಿಕ್ಕದಾದ್ರೆ ಚದುರೋ ಬೆಳಕು ವ್ಯಾಸದ ಆರನೇ ಘಾತಕ್ಕೆ ಇಳಿಯತ್ತೆ. ಅರ್ಧ ಗಾತ್ರ ಅಂದ್ರೆ ಬೆಳಕು 64ನೇ ಒಂದು ಪಾಲು. ಹೀಲಿಯಂನಲ್ಲಿ ಕಣಗಳು ನಿಮ್ಮ ಮಿತಿಯ ಕೆಳಗೆ ಜಾರಿವೆ, ಕಳೆದುಹೋಗಿಲ್ಲ. 2003ರಲ್ಲಿ ಹಾರ್ನ್ ಮತ್ತು ಗುಂಟರ್ ಆರ್ಗಾನ್, ಹೀಲಿಯಂ, ನಿಯಾನ್ ಮೂರನ್ನೂ ಹೋಲಿಸಿ ನೋಡಿದ್ದು ಇದನ್ನೇ, ಗ್ಯಾಸ್ ಬದಲಾದ್ರೆ ಗಾತ್ರದ ಹಂಚಿಕೆ ಹೇಗೆ ಸರಿಯತ್ತೆ ಅಂತ.

ಮತ್ತೆ, ಆ ಕೌಂಟರು ಗಾಳಿಗೆ ಕ್ಯಾಲಿಬ್ರೇಟ್ ಆಗಿರತ್ತೆ. ಒಳಗಿನ ಪಂಪು ಹೀಲಿಯಂ ಎಳೆದಾಗ ಹರಿವಿನ ಲೆಕ್ಕವೂ ತಪ್ಪಬಹುದು. ಇಂಪ್ಯಾಕ್ಟರ್ ಬಳಸಿದ್ರೂ ಅಷ್ಟೇ, ಎಷ್ಟು ದೊಡ್ಡ ಕಣ ಯಾವ ತಟ್ಟೆಗೆ ಬೀಳತ್ತೆ ಅನ್ನೋದು ಗ್ಯಾಸಿನ ಮೇಲೆ ನಿಂತಿದೆ.

ಧೂಳುಹಿಡಿ
ಇದು ನನಗೆ ಹೊಳೆದಿರಲಿಲ್ಲ. ಹಳೇ ದತ್ತಾಂಶ ಮತ್ತೆ ತೆಗೆದು ನೋಡ್ಬೇಕು.

ಹಳೇಲೇಸರ್
ಎಲ್ಲ ಸರಿ, ಹೀಲಿಯಂ ಸಿಗಬೇಕಲ್ಲ? ಆರ್ಗಾನ್ ಗಾಳಿಯಲ್ಲೇ ಶೇ 0.93 ಇದೆ, ದ್ರವಗಾಳಿ ಬಟ್ಟಿ ಇಳಿಸಿದ್ರೆ ಬೇಕಾದಷ್ಟು. ಹೀಲಿಯಂ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಐದು ಭಾಗ. ನೈಸರ್ಗಿಕ ಅನಿಲದ ಬಾವಿಗಳಿಂದ ಬರಬೇಕು, ಒಮ್ಮೆ ಬಿಟ್ರೆ ಆಕಾಶದ ಪಾಲು. ನನ್ನ ಕಾಳಜಿ ಇಷ್ಟೇ: ಮಾದರಿಗೆ ಹೊಂದುವ ಸ್ಟ್ಯಾಂಡರ್ಡ್ ಇದ್ರೆ, ಎರಡನ್ನೂ ಒಂದೇ ಥರ ಕೊರೆದ್ರೆ, ಆರ್ಗಾನ್‌ನ ಎಷ್ಟೋ ದೋಷ ಭಾಗಿಸುವಾಗ ಕಳೆದುಹೋಗತ್ತೆ. ಎಲ್ಲದಕ್ಕೂ ಹೀಲಿಯಂ ಸುರಿಯೋದು ನನಗೆ ಸಮಾಧಾನ ಇಲ್ಲ.

ಕುಳಿಮಾಸ್ತರ
ನಿಮ್ಮ ಕಾಳಜಿ ನನ್ನದೂ ಹೌದು. ಆದರೆ ಜಿರ್ಕಾನ್ ವಯಸ್ಸಿನಲ್ಲಿ ಶೇ 1, 2ರ ಮಾತು ನಡೀತಿರತ್ತೆ. ಸ್ಟ್ಯಾಂಡರ್ಡ್ ಹರಳಿಗೂ ಮಾದರಿ ಹರಳಿಗೂ ವಿಕಿರಣದಿಂದ ಆದ ಹಾನಿ ಬೇರೆ ಬೇರೆ, ಕೊರೆತ ಒಂದೇ ಥರ ಇರಲ್ಲ. ಅಲ್ಲಿ ದೋಷ ಪೂರ್ತಿ ಕಳೆಯಲ್ಲ. ಹೀಲಿಯಂ ಬೇಕಾದದ್ದು ಕುಳಿಯ ಮೇಲೆ ಮಾತ್ರ. ಒಳಗೆ ಪುಟ್ಟ ಬಟ್ಟಲಿರೋ ಎರಡು ಕೋಣೆಯ ಸೆಲ್ ಇದ್ರೆ ಕಮ್ಮಿ ಹೀಲಿಯಂನಲ್ಲೇ ಕೆಲಸ ಆಗತ್ತೆ, ಉಳಿದ ದಾರಿಗೆ ಆರ್ಗಾನ್ ಸೇರಿಸಿಕೊಳ್ಳಬಹುದು.

ಕೆಂಪುಗ್ರಹ
ಹರಳುಹುಡುಕಿ ಅವರಿಗೆ ಒಂದು ಖುಷಿಯ ವಿಷಯ. ಭೂಮಿಯೊಳಗಿನ ಹೀಲಿಯಂ ಬಹುಪಾಲು ಯುರೇನಿಯಂ, ಥೋರಿಯಂ ಕ್ಷಯದಿಂದಲೇ ಬಂದದ್ದು. ಯುರೇನಿಯಂ-238 ಸೀಸ-206 ಆಗೋವರೆಗೆ 8 ಆಲ್ಫಾ ಕಣ ಬಿಡತ್ತೆ, ಪ್ರತಿಯೊಂದೂ ಹೀಲಿಯಂ ಪರಮಾಣುವಿನ ನ್ಯೂಕ್ಲಿಯಸ್. ನೀವು ಹರಳಿನಲ್ಲಿ ಅಳೆಯೋ ಗಡಿಯಾರವೇ ನಿಮ್ಮ ಸಿಲಿಂಡರ್ ತುಂಬಿಸಿದೆ.

ಹರಳುಹುಡುಕಿ
ಇದನ್ನ ನಾನು ಇಷ್ಟು ದಿನ ಯೋಚಿಸೇ ಇರಲಿಲ್ಲ!! ಸಿಲಿಂಡರ್ ನೋಡೋ ಕಣ್ಣೇ ಬದಲಾಯ್ತು.

ನಿಯಾನ್ಆಸೆ
ನಿಯಾನ್ ಯಾಕೆ ಯಾರೂ ಬಳಸಲ್ಲ? ಮಧ್ಯದ್ದು ತಾನೇ?

ಕುಳಿಮಾಸ್ತರ
ಮಧ್ಯದ್ದೇ, ಶಾಖವಾಹಕತೆ 0.05ರ ಹತ್ತಿರ. ಹೀಲಿಯಂಗಿಂತ ದುಬಾರಿ, ಹೀಲಿಯಂಗಿಂತ ಲಾಭ ಕಮ್ಮಿ. ಅದಕ್ಕೇ.

ನೀಲಿಟಾರ್ಚ್
ಎಲ್ಲರೂ ಮೂಲ ಪ್ರಶ್ನೆ ಮರೆತಿದ್ದೀವಿ. ಪ್ಲಾಸ್ಮಾ ನಡುಗ್ತಿದೆ, ಸಿಗ್ನಲ್ ಕಮ್ಮಿ, ಉಂಗುರ ಇಲ್ಲ. ನನಗೆ ಇದು ಹೀಲಿಯಂ ಜಾಸ್ತಿಯಾದ ಲಕ್ಷಣ. ಬಿಸಿ ಎಳೆದುಕೊಂಡು ಹೋಗೋ ಗ್ಯಾಸ್ ಟಾರ್ಚಿನ ನಡುವೆ ಜಾಸ್ತಿ ನುಗ್ಗಿದ್ರೆ ಮಧ್ಯದ ಕಾಲುವೆ ತಣ್ಣಗಾಗತ್ತೆ, ಕಣ ನಿಲ್ಲೋ ಹೊತ್ತೂ ಕಮ್ಮಿ. ಮೇಡಂ, ಹೀಲಿಯಂ ಎಷ್ಟು ಬಿಡ್ತಿದ್ದೀರಿ? ಆರ್ಗಾನ್ ಎಲ್ಲಿ ಸೇರಿಸ್ತಿದ್ದೀರಿ?

ಹರಳುಹುಡುಕಿ
ಸೆಲ್‌ಗೆ 0.6 ಲೀಟರ್. ಆರ್ಗಾನ್‌ಗೂ ಅದೇ 0.6 ಇಟ್ಟಿದ್ವಿ, ಹೋಲಿಕೆ ನ್ಯಾಯವಾಗಿರಲಿ ಅಂತ. ಸೆಲ್ ಆದ ಮೇಲೆ ವೈ ಆಕಾರದ ಜೋಡಣೆಯಲ್ಲಿ ಆರ್ಗಾನ್ ಸೇರತ್ತೆ, ಅದನ್ನ ಮುಟ್ಟಿಲ್ಲ. 0.6 ಜಾಸ್ತಿಯೇನಲ್ಲ ಅಲ್ವಾ?

ನೀಲಿಟಾರ್ಚ್
0.6 ಜಾಸ್ತಿಯಲ್ಲ. ಬಹಳ ಜನ ಅಷ್ಟರಲ್ಲೇ ಇರ್ತಾರೆ. ಹಾಗಾದ್ರೆ ಲೀಕ್ ನೋಡಿ. ಗಾಳಿ ಒಳಗೆ ಬರ್ತಿದ್ರೆ ಥೋರಿಯಂ ಆಕ್ಸೈಡ್ ಏರತ್ತೆ, ಏರಿದ್ಯಾ?

ಮೌನಿ
0.6 ಅಂತ ಹೇಳಿದ್ದು ಯಾರು? ಯಾವ ಮೀಟರ್?

ಹರಳುಹುಡುಕಿ
ಹೀಲಿಯಂ ಲೈನಿನ ಎಲೆಕ್ಟ್ರಾನಿಕ್ ಕಂಟ್ರೋಲರ್ ಕೆಟ್ಟಿತ್ತು. ಆರ್ಗಾನ್ ಓಡಿಸುವಾಗ ಒಂದು ಗಾಜಿನ ಮೀಟರ್ ಹಾಕಿದ್ರು, ಒಳಗೆ ಚೆಂಡು ಮೇಲೆ ಕೆಳಗೆ ಹೋಗತ್ತಲ್ಲ, ಅದು. ಹೀಲಿಯಂ ಬಂದ ಮೇಲೂ ಅದೇ ಇದೆ. ಯಾಕೆ?

ಗಾಳಿಗಣಿತ
ಮೌನಿ ಅವರೇ, ಹಿಡಿದ್ರಿ ನೀವು!

ಹರಳುಹುಡುಕಿ, ಆ ಮೀಟರಿನ ಗೆರೆಗಳು ಆರ್ಗಾನ್‌ಗೆ ಬರೆದವು. ಚೆಂಡನ್ನ ಎತ್ತಿ ಹಿಡಿಯೋದು ಗ್ಯಾಸಿನ ನುಗ್ಗು. ಹತ್ತು ಪಟ್ಟು ಹಗುರ ಗ್ಯಾಸ್ ಅದೇ ಎತ್ತರಕ್ಕೆ ಚೆಂಡು ಎತ್ತಬೇಕಾದ್ರೆ ಹೆಚ್ಚು ವೇಗವಾಗಿ ಹರೀಬೇಕು. ಸಾಂದ್ರತೆಯ ಅನುಪಾತದ ವರ್ಗಮೂಲ, √10, ಅಂದ್ರೆ 3.16 ಪಟ್ಟು. ಮೀಟರ್ 0.6 ಅಂದಾಗ ನಿಜವಾಗಿ ಹೋಗ್ತಿದ್ದದ್ದು 1.9 ಲೀಟರಿನ ಹತ್ತಿರ.

ನೀಲಿಟಾರ್ಚ್
1.9 ಹೀಲಿಯಂ, ಅದರ ಮೇಲೆ ಆರ್ಗಾನ್. ಪ್ಲಾಸ್ಮಾ ಆರದೆ ನಿಂತದ್ದೇ ದೊಡ್ಡದು.

ವಿದ್ಯಾರ್ಥಿ_3
ಎಲೆಕ್ಟ್ರಾನಿಕ್ ಕಂಟ್ರೋಲರಿಗೂ ಇದೇ ತಪ್ಪು ಬರತ್ತಾ?

ಗಾಳಿಗಣಿತ
ಅದು ಶಾಖದ ಲೆಕ್ಕದಲ್ಲಿ ನಡೆಯೋದು. ಹೀಲಿಯಂ, ಆರ್ಗಾನ್ ಎರಡೂ ಒಂಟಿ ಪರಮಾಣುವಿನ ಗ್ಯಾಸ್, ಮೋಲ್‌ಗೆ ಶಾಖಧಾರಣೆ ಒಂದೇ. ಆದ್ದರಿಂದ ಅಲ್ಲಿ ವ್ಯತ್ಯಾಸ ತೀರಾ ಕಮ್ಮಿ. ಹಳೇ ಕಂಟ್ರೋಲರ್ ಇದ್ದಾಗ ಎಲ್ಲ ಸರಿಯಿದ್ದದ್ದು ಅದಕ್ಕೇ.

ಒಂದು ಎಚ್ಚರಿಕೆ: ಕಮ್ಮಿ ಹರಿವಿನಲ್ಲಿ ಚೆಂಡಿನ ಮೇಲೆ ಸ್ನಿಗ್ಧತೆಯ ಪ್ರಭಾವವೂ ಇರತ್ತೆ, 3.16 ಅನ್ನೋದು ಕರಾರುವಾಕ್ಕಲ್ಲ. ಚೆಂಡನ್ನ 0.2ರ ಹತ್ತಿರ ಇಟ್ಟು, ಸೋಪಿನ ಗುಳ್ಳೆ ಏರೋ ನಳಿಕೆ ಇದ್ರೆ ಅದರಲ್ಲಿ ನಿಜವಾದ ಹರಿವು ಅಳೀರಿ. ಗುಳ್ಳೆಗೆ ಯಾವ ಗ್ಯಾಸಾದ್ರೂ ಒಂದೇ.

ತಾಮ್ರತಗಡು
ನಮ್ಮಲ್ಲೂ ಒಮ್ಮೆ ಹಿಂಗ ಆಗಿತ್ತವ್ವಾ. ವಾರಗಟ್ಟಲೆ ಲೇಸರ್ ಬೈದ್ವಿ, ಕನ್ನಡಿ ಒರಸಿದ್ವಿ, ಕಡೀಕ ಮೀಟರ್. ಮನಸ್ಸಿಗೆ ಹಚ್ಕೋಬ್ಯಾಡ.

ಹರಳುಹುಡುಕಿ
(ಎರಡು ದಿನದ ನಂತರ) ಗುಳ್ಳೆ ನಳಿಕೆ ಪಕ್ಕದ ಲ್ಯಾಬಿಂದ ತಂದೆ. ಚೆಂಡು 0.6ರಲ್ಲಿದ್ದಾಗ ಹೀಲಿಯಂ 1.8. ಕೈಯಲ್ಲಿ ಸ್ಟಾಪ್‌ವಾಚ್ ಹಿಡ್ಕೊಂಡು ಐದು ಸಲ ಅಳೆದೆ, ಐದೂ ಸಲ ಅದೇ. ಇಳಿಸಿ ನಿಜವಾದ 0.6ಕ್ಕೆ ತಂದೆ. ಪ್ಲಾಸ್ಮಾ ಕಲ್ಲಿನ ಹಾಗೆ ನಿಂತಿದೆ. ಸಿಗ್ನಲ್ ಆರ್ಗಾನ್‌ಗಿಂತ ಎರಡು ಪಟ್ಟಿಗೂ ಮೇಲೆ. 612 ಗಾಜಿನಲ್ಲಿ ಯುರೇನಿಯಂ–ಥೋರಿಯಂ 1.04. ಸ್ಪೈಕ್ ಆಗೊಂದು ಈಗೊಂದು ಇನ್ನೂ ಇವೆ.

ಹಿರಿಯರನ್ನ ಕರೆದು ತೋರಿಸಿದೆ. ಒಂದಷ್ಟು ಹೊತ್ತು ಪರದೆ ನೋಡಿ, "ಮೀಟರ್ ಮೇಲೆ ದೊಡ್ಡದಾಗಿ ಆರ್ಗಾನ್ ಅಂತ ಬರೆದಿಡು" ಅಂದ್ರು. ಮಾರ್ಕರ್ ಅವರೇ ತಂದುಕೊಟ್ರು.

ತಾಮ್ರತಗಡು
ಉಳದ ಸ್ಪೈಕ್ ಗ್ಯಾಸಿಂದಲ್ಲ, ಚೂರಿಂದು. ಲೇಸರಿನ ಶಕ್ತಿ ಒಂಚೂರು ಇಳಿಸಿ ನೋಡವ್ವಾ.

ನೀಲಿಟಾರ್ಚ್
ಜೊತೆಗೆ ಟಾರ್ಚಿನ ಜಾಗ, ಸೇರಿಸೋ ಆರ್ಗಾನ್ ಎರಡನ್ನೂ ಈಗ ಹೊಸದಾಗಿ ಟ್ಯೂನ್ ಮಾಡಿ. 1.8 ಇದ್ದಾಗ ಮಾಡಿದ ಟ್ಯೂನಿಂಗ್ ಇನ್ನು ನಡೆಯಲ್ಲ. ಆಮೇಲೆ ಬೇಕಿದ್ರೆ ನಿಮಿಷಕ್ಕೆ ಐದು ಮಿಲಿಲೀಟರ್ ನೈಟ್ರೋಜನ್ ಬೆರೆಸಿ ನೋಡಿ, ಸಿಗ್ನಲ್ ಇನ್ನಷ್ಟು ಏರತ್ತೆ.

ಮೌನಿ
ನೈಟ್ರೋಜನ್‌ಗೆ ಬೇರೆ ಮೀಟರ್ ಹಾಕಿ.